ಹೂವಿನೊಳಗಣ ಅಡಿಗೆಮನೆ

ನಮ್ಮ ಕವಿಗಳ ಕಾವ್ಯಗಳಿಂದ ದುಂಬಿಯನ್ನೂ ಮಕರಂದವನ್ನೂ ತೆಗೆದುಬಿಟ್ಟರೆ ವಸಂತವರ್ಣನೆಯ ಅರ್ಧಭಾಗವೇ ಬರಿದಾದೀತು. ದುಂಬಿ ಹೂವಿಗೆ ಎರಗುತ್ತದೆ, ಮಕರಂದವನ್ನು ಹೀರುತ್ತದೆ, ಮದವೇರಿ ಝೇಂಕರಿಸುತ್ತದೆ. ಇಷ್ಟನ್ನು ಸಾವಿರ ವರ್ಷಗಳಿಂದ ಕೇಳುತ್ತ ಬಂದಿದ್ದೇವೆ. ಆದರೆ ಆ ಮಕರಂದವು ಹೂವಿನ ಯಾವ ಮೂಲೆಯಲ್ಲಿ ಹುಟ್ಟುತ್ತದೆ, ಅದನ್ನು ಸಿದ್ಧಪಡಿಸುವವರು ಯಾರು, ಬಿಸಿಲಿನಲ್ಲಿ ದುಡಿದು ಗಳಿಸಿದ ಸಕ್ಕರೆಯನ್ನು ಗಿಡವು ಹೀಗೆ ಹಾದಿಹೋಕರ ಪಾಲು ಮಾಡುವುದಾದರೂ ಏತಕ್ಕೆ ಎಂದು ಕೇಳಿದ ಕವಿ ನನ್ನ ಕಣ್ಣಿಗೆ ಬಿದ್ದಿಲ್ಲ. ಅದು ಅವರ ದೋಷವಲ್ಲ. ಊಟ ರುಚಿಯಾಗಿರುವಾಗ ಎಲೆಯ ಮುಂದೆ ಕುಳಿತವರು ಎದ್ದುಹೋಗಿ ಅಡಿಗೆಮನೆಯನ್ನು ಇಣಿಕಿ ನೋಡುವುದು ಅಪರೂಪ.

ನಾನು ಇಣಿಕಿ ನೋಡುವವರ ಪಂಗಡಕ್ಕೆ ಸೇರಿದವನು. ಬಹುಕಾಲ ಹುಡುಗರಿಗೆ ಜೀವಶಾಸ್ತ್ರವನ್ನು ಹೇಳಿಕೊಟ್ಟು ಈಗ ವಿಶ್ರಾಂತನಾಗಿ ಬೆಂಗಳೂರಿನ ಮತ್ತಿಕೆರೆಯಲ್ಲಿ ನೆಲಸಿದ್ದೇನೆ. ಊರಿನ ಹೆಸರಿನಲ್ಲಿ ಮತ್ತಿಯೂ ಇದೆ, ಕೆರೆಯೂ ಇದೆ. ನಮ್ಮ ಬೀದಿಯಲ್ಲಿ ಮಾತ್ರ ಇವೆರಡನ್ನು ಬಿಟ್ಟು ಮಿಕ್ಕೆಲ್ಲವೂ ಇವೆ. ಒಂದು ಕಡೆಗೆ 1909ರಲ್ಲಿ ಸ್ಥಾಪನೆಯಾದ ಭಾರತೀಯ ವಿಜ್ಞಾನ ಸಂಸ್ಥೆಯ ವಿಶಾಲವಾದ ತೋಪು. ಹಳಬರ ಬಾಯಲ್ಲಿ ಅದು ಇಂದಿಗೂ ‘ಟಾಟಾ ಇನ್‌ಸ್ಟಿಟ್ಯೂಟ್’. ಇನ್ನೊಂದು ಕಡೆಗೆ ಜಯಪ್ರಕಾಶ ನಾರಾಯಣರ ಹೆಸರಿನ ಉದ್ಯಾನ. ಇವೆರಡರ ನಡುವಣ ಇಕ್ಕಟ್ಟಿನಲ್ಲಿ ನನ್ನ ಮನೆ; ಮನೆಯ ಮುಂದೆ ಚಾಪೆ ಹಾಸುವಷ್ಟು ನೆಲ. ಆ ನೆಲದಲ್ಲಿ ಒಂದು ದಾಸವಾಳ, ಒಂದು ಕರಿಬೇವು, ಒಂದು ಬಾಳೆ. ಗೋಡೆಯ ಬುಡದಲ್ಲಿ ಯಾರೂ ನೆಡದೆ ತಾನಾಗಿ ಎದ್ದುಬಂದ ತುಂಬೆ. ಕೈಯಲ್ಲಿ ಒಂದು ಭೂತಗನ್ನಡಿ ಇದ್ದರೆ ಮುಂಜಾನೆಯ ಎರಡು ಗಂಟೆ ಕಳೆಯುವುದಕ್ಕೆ ಇಷ್ಟು ಸಂಪತ್ತು ಸಾಲದೆ?

ದಾಸವಾಳದಿಂದಲೇ ತೊಡಗೋಣ. ಐದೆಸಳಿನ ಕೆಂಪು ದಾಸವಾಳವೊಂದನ್ನು ಕೈಗೆತ್ತಿಕೊಳ್ಳಿರಿ. ಅದರ ತೊಟ್ಟಿನ ಕಡೆಯಿಂದ ಹಸುರು ಬಟ್ಟಲಿನಂತಿರುವ ಪುಷ್ಪಪಾತ್ರೆಯನ್ನು ಉದ್ದಕ್ಕೆ ಸೀಳಿ, ಎಸಳುಗಳಿಂದ ಬಿಡಿಸಿ, ಒಳಮೈಯನ್ನು ಬೆಳಕಿಗೆ ಹಿಡಿಯಿರಿ. ತಳಭಾಗದಲ್ಲಿ ಮಖಮಲ್ಲಿನ ತೇಪೆ ಹಾಕಿದಂತೆ ತೆಳುವಾದ ಪಟ್ಟಿಯೊಂದು ಕಾಣುತ್ತದೆ. ಮುಟ್ಟಿದರೆ ಬೆರಳು ಅಂಟುತ್ತದೆ, ನೆಕ್ಕಿದರೆ ಸಿಹಿ. ಇದೇ ದಾಸವಾಳದ ಮಕರಂದ ಗ್ರಂಥಿ. ಹೂವಿನ ಸೊಬಗೆಲ್ಲ ಎಸಳಿನಲ್ಲಿದೆ ಎಂದು ನಾವು ನಂಬಿರುತ್ತೇವೆ. ಅಡಿಗೆ ನಡೆಯುವುದು ಮಾತ್ರ ಯಾರೂ ಲೆಕ್ಕಕ್ಕಿಡದ ಆ ಹಸುರು ಬಟ್ಟಲಿನ ಒಳಗೋಡೆಯಲ್ಲಿ. ಎಸಳುಗಳ ಬುಡದಲ್ಲಿ ಇರುವ ಐದು ಸಣ್ಣ ಸಂದುಗಳೇ ಅಲ್ಲಿಗೆ ಬಾಗಿಲು.

ಭೂತಗನ್ನಡಿಯನ್ನು ಬಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಆ ಮಖಮಲ್ಲು ಒತ್ತಾಗಿ ನಿಂತ ರೋಮಗಳ ಪಡೆಯಾಗಿ ಕಾಣುತ್ತದೆ. ಪ್ರತಿಯೊಂದು ರೋಮವೂ ಒಂದರ ಮೇಲೊಂದು ಪೇರಿಸಿದ ಹಲವು ಜೀವಕೋಶಗಳಿಂದಾದದ್ದು. ಬುಡದ ಕೋಶ ಗಿಡದ ಮೈಯಲ್ಲಿ ಹೂತಿರುತ್ತದೆ. ಅದರ ಮೇಲೆ ಕಾಂಡದಂಥ ಒಂದು ಕೋಶ. ಅದರಿಂದಾಚೆಗೆ ರಸವನ್ನು ಹೊರಹಾಕುವ ಕೋಶಗಳ ಗುಂಪು. ಈ ಕಾಂಡಕೋಶದ ವ್ಯವಸ್ಥೆಯನ್ನು ಗಮನಿಸಬೇಕು. ಅದರ ಪಕ್ಕದ ಗೋಡೆಗಳಿಗೆ ನೀರು ಹಾಯದಂತೆ ಮೇಣದಂಥ ವಸ್ತುವಿನ ಲೇಪವಿದೆ. ಹೀಗಾಗಿ ಕೆಳಗಿನಿಂದ ಬಂದ ಸಿಹಿರಸ ಗೋಡೆಗಳ ಮೂಲಕ ಕದ್ದು ನುಸುಳುವಂತಿಲ್ಲ. ಬಂದದ್ದೆಲ್ಲವೂ ಆ ಒಂದು ಕೋಶದ ಒಡಲನ್ನು ಹಾದೇ ಮುಂದಕ್ಕೆ ಹೋಗಬೇಕು. ಹಿಂದಿನ ಕಾಲದಲ್ಲಿ ಊರಬಾಗಿಲಲ್ಲಿ ಇರುತ್ತಿದ್ದ ಸುಂಕದ ಕಟ್ಟೆಯಂತೆ! ಹೊರಗೆ ಹೋದದ್ದು ತಿರುಗಿ ಒಳಕ್ಕೆ ಸೋರದಂತೆಯೂ ಇದೇ ಕಟ್ಟೆ ತಡೆಯುತ್ತದೆ. ದಾಸವಾಳದ ಬಳಗಕ್ಕೆ ಸೇರಿದ ಅಬ್ಯುಟಿಲಾನ್ ಎಂಬ ಗಿಡದಲ್ಲಿ ಇಂಥ ರೋಮಗಳ ತುದಿಯಿಂದ ರಸವು ಒಂದೇ ಸಮನೆ ಹರಿಯದೆ, ತುಸು ತಡೆದು ತುಸು ಹೊಮ್ಮಿ, ಹನಿ ಹನಿಯಾಗಿ ಹೊರಬೀಳುವುದನ್ನು ವಿಜ್ಞಾನಿಗಳು ಕಂಡಿದ್ದಾರೆ.

ಎಲ್ಲ ಹೂಗಳ ಅಡಿಗೆಮನೆಯೂ ಒಂದೇ ಮಾದರಿಯದಲ್ಲ. ತುಂಬೆಯನ್ನು ನೋಡಿರಿ. ಶಿವನಿಗೆ ಪ್ರಿಯವೆಂದು ಹಿರಿಯರಿಗೂ, ಬುಡವನ್ನು ಚೀಪಿದರೆ ಸಿಹಿಯೆಂದು ಹುಡುಗರಿಗೂ ಏಕಪ್ರಕಾರವಾಗಿ ಬೇಕಾದ ಹೂವು ಅದು. ಅದರಲ್ಲಿ ಗ್ರಂಥಿಯು ಅಂಡಾಶಯದ ಕೆಳಗೆ ಉಂಗುರದಂತೆ ಕುಳಿತಿದೆ. ಕರಿಬೇವು, ನಿಂಬೆ, ಕಿತ್ತಳೆಗಳಲ್ಲಿಯೂ ಇಂಥದೇ ದಿಂಡು. ಇವುಗಳಲ್ಲಿ ರೋಮಗಳಿಗೆ ಬದಲಾಗಿ, ಎಲೆಯ ಉಸಿರಾಟಕ್ಕೆಂದು ಇರುವ ಪತ್ರರಂಧ್ರಗಳೇ ರಸದ ಬಾಗಿಲುಗಳಾಗಿ ಮಾರ್ಪಟ್ಟಿವೆ. ಎಲೆಯ ಮೇಲಿನ ರಂಧ್ರ ಹೊತ್ತು ನೋಡಿ ತೆರೆಯುತ್ತದೆ, ಹೊತ್ತು ನೋಡಿ ಮುಚ್ಚುತ್ತದೆ. ಗ್ರಂಥಿಯ ಮೇಲಿನ ರಂಧ್ರ ಮುಚ್ಚುವುದನ್ನೇ ಮರೆತಿದೆ. ಅನ್ನಸತ್ರಕ್ಕೆ ಅಗಳಿ ಏಕೆ?

ಬಾಳೆಯದು ಇನ್ನೊಂದು ವಿಚಿತ್ರ. ಅದರ ಅಂಡಾಶಯ ಮೂರು ಕೋಣೆಗಳು ಕೂಡಿ ಆದದ್ದು. ಕೋಣೆ ಕೋಣೆಗಳ ನಡುವಣ ಗೋಡೆಗಳು ಪೂರ್ತಿಯಾಗಿ ಬೆಸೆದುಕೊಳ್ಳದೆ ಅಲ್ಲಲ್ಲಿ ಬಿಟ್ಟ ಬಿರುಕುಗಳೇ ಗ್ರಂಥಿಗಳಾಗಿವೆ. ಕಾಯಿ ಕಟ್ಟದ ಗಂಡುಹೂವಿನಲ್ಲಿ ಅಂಡಾಶಯಕ್ಕೆ ಬೇರೆ ಕೆಲಸವೇ ಇಲ್ಲವಾದ್ದರಿಂದ ಅದು ಬಹುಮಟ್ಟಿಗೆ ಮಕರಂದದ ಕಾರ್ಖಾನೆಯೇ ಆಗಿಬಿಟ್ಟಿದೆ. ಹಗಲು ಸೂರಕ್ಕಿ, ಇರುಳು ಬಾವಲಿ ಅಲ್ಲಿಯ ಗಿರಾಕಿಗಳು. ನಮ್ಮ ಮನೆಯ ಒಂದೇ ಒಂದು ಬಾಳೆಗೆ ರಾತ್ರಿ ಎಂಟರ ಮೇಲೆ ಬಾವಲಿ ಬಂದು ತೂಗುವುದನ್ನು ಕಿಟಕಿಯಿಂದ ನೋಡಿದ್ದೇನೆ. ವಾಹನಗಳ ಆ ಸದ್ದಿನ ನಡುವೆ ಅದಕ್ಕೆ ನಮ್ಮ ವಿಳಾಸ ಹೇಗೆ ಸಿಕ್ಕಿತೋ!

ಇನ್ನು ಊರಿಗೆ ಹೆಸರಾದ ಮತ್ತಿ. ಬೀದಿಯಲ್ಲಿ ಕಾಣದ ಮರವನ್ನು ನೋಡುವುದಕ್ಕೆ ಕಾವೇರಿಯ ದಂಡೆಯ ಮುತ್ತತ್ತಿಯವರೆಗೆ ಹೋಗಿಬಂದೆ. ಅಲ್ಲಿ ಹೊಳೆಮತ್ತಿಗಳು ನೀರಿಗೆ ಬಾಗಿ, ಬಿಳಿಯ ತೊಗಟೆ ಮೆರೆಸುತ್ತ ಸಾಲಾಗಿ ನಿಂತಿವೆ. ಅದರ ಹೂವಿಗೆ ಎಸಳೇ ಇಲ್ಲ. ಮಾಸಲು ಬಣ್ಣದ ಪುಟ್ಟ ಬಟ್ಟಲು, ಅದರ ಅಂಚಿನಲ್ಲಿ ಹತ್ತು ಕೇಸರಗಳು, ತಳದಲ್ಲಿ ನವಿರುಗೂದಲಿನಿಂದ ಕೂಡಿದ ಗ್ರಂಥಿ, ಅಷ್ಟೆ. ಅಲಂಕಾರದ ಖರ್ಚನ್ನು ಉಳಿಸಿ ಊಟಕ್ಕೆ ಹಾಕಿದ ಮನೆಯಂತೆ! ಇಷ್ಟೇ ಅಲ್ಲ, ಮತ್ತಿಯ ಎಲೆಯನ್ನು ಕಿತ್ತು ಅದು ತೊಟ್ಟಿಗೆ ಕೂಡುವ ಜಾಗವನ್ನು ನೋಡಿದರೆ ಅಲ್ಲಿಯೂ ಎರಡು ಗುಬುಟುಗಳಿರುತ್ತವೆ. ಅವೂ ಸಿಹಿ ಸ್ರವಿಸುವ ಗ್ರಂಥಿಗಳೇ. ಹೂವಿಲ್ಲದ ಕಡೆ ಸಿಹಿ ಏಕೆ ಎಂದರೆ, ಇರುವೆಗಳಿಗಾಗಿ. ಸಿಹಿಗೆ ಬಂದ ಇರುವೆ ಎಲೆ ತಿನ್ನುವ ಹುಳುವನ್ನು ಓಡಿಸುತ್ತದೆ. ಹರಳುಗಿಡದ ಎಲೆತೊಟ್ಟಿನಲ್ಲಿಯೂ ಇಂಥ ಗುಬುಟುಗಳನ್ನು ನೋಡಬಹುದು. ಅದಕ್ಕೆ ಮುತ್ತತ್ತಿಗೆ ಹೋಗಬೇಕಾಗಿಲ್ಲ, ಯಾವ ಪಾಳು ನಿವೇಶನವಾದರೂ ಸಾಕು.

ಸಕ್ಕರೆ ಬರುವುದೆಲ್ಲಿಂದ? ಎಲೆಯಲ್ಲಿ ತಯಾರಾದ ಸಕ್ಕರೆ ಆಹಾರನಾಳಗಳ ಮೂಲಕ ಗ್ರಂಥಿಯ ಬುಡಕ್ಕೆ ಬರುತ್ತದೆ. ಅಲ್ಲಿ ಒತ್ತಾಗಿ ಜೋಡಿಸಿದ ಸಣ್ಣ ಕೋಶಗಳಿವೆ. ಎಷ್ಟೋ ಗಿಡಗಳು ಹೂವು ಅರಳುವ ಮೊದಲು ಆ ಸಕ್ಕರೆಯನ್ನು ಪಿಷ್ಟವಾಗಿ ಕೂಡಿಟ್ಟು, ಅರಳುವ ಹೊತ್ತಿಗೆ ಮತ್ತೆ ಸಕ್ಕರೆಯಾಗಿ ಕರಗಿಸುತ್ತವೆ. ಮದುವೆಮನೆಯವರು ತಿಂಗಳ ಮೊದಲೇ ಅಕ್ಕಿಬೇಳೆಗಳನ್ನು ತಂದಿಟ್ಟುಕೊಳ್ಳುವಂತೆ. ಕೋಶದೊಳಗಿನ ಸಕ್ಕರೆ ಹೊರಕ್ಕೆ ದಾಟುವುದು ಹೇಗೆಂಬುದು ಬಹುಕಾಲ ಒಗಟಾಗಿತ್ತು. ಸಕ್ಕರೆಯನ್ನು ಕೋಶದಿಂದ ಸಾಗಿಸುವ ಪ್ರೋಟೀನೊಂದನ್ನು ವಿಜ್ಞಾನಿಗಳು 2014ರಲ್ಲಿ ಗುರುತಿಸಿದರು. ‘ಸ್ವೀಟ್-9’ ಎಂಬುದು ಅದರ ಹೆಸರು; ವಿಜ್ಞಾನಿಗಳೂ ಒಮ್ಮೊಮ್ಮೆ ರಸಿಕರಾಗುತ್ತಾರೆ. ಈ ಪ್ರೋಟೀನು ಇಲ್ಲದಂತೆ ಮಾಡಿದ ಗಿಡಗಳು ಹೂವನ್ನೇನೋ ಬಿಟ್ಟವು, ಮಕರಂದವನ್ನು ಮಾತ್ರ ಸುರಿಸಲಿಲ್ಲ. ಹೊರಕ್ಕೆ ಬಂದ ಸಕ್ಕರೆಯನ್ನು ಅಲ್ಲಿಯೇ ಇರುವ ಕಿಣ್ವವೊಂದು ಒಡೆಯುತ್ತದೆ, ಒಡೆದ ಸಕ್ಕರೆಯ ಸೆಳೆತಕ್ಕೆ ಸಿಕ್ಕಿ ನೀರು ಹಿಂಬಾಲಿಸುತ್ತದೆ, ಹನಿ ಕಟ್ಟುತ್ತದೆ.

ಗ್ರಂಥಿಯ ಇತಿಹಾಸದಲ್ಲಿ ನನಗೆ ಪ್ರಿಯನಾದವನು ಒಬ್ಬ ಶಾಲಾ ಉಪಾಧ್ಯಾಯ. ಸ್ವಜನ ಪಕ್ಷಪಾತವೆಂದರೂ ಚಿಂತೆಯಿಲ್ಲ. ಮಕರಂದ ಗ್ರಂಥಿಗೆ ‘ನೆಕ್ಟೇರಿಯಂ’ ಎಂಬ ಹೆಸರನ್ನಿಟ್ಟವನು ಸ್ವೀಡನ್ನಿನ ಲಿನೀಯಸ್. ಅನಂತರ ಜರ್ಮನಿಯ ಕ್ಯೋಲ್‌ರಾಯ್ಟರ್ ಎಂಬಾತ ಕಿತ್ತಳೆಹೂಗಳ ಮಕರಂದವನ್ನು ಕೂಡಿಸಿ ಆರಲು ಬಿಟ್ಟು, ಅದು ಜೇನಿನಂತೆಯೇ ಆಗುವುದನ್ನು ಕಂಡ. ಆದರೂ ಗಿಡಕ್ಕೆ ಇದರಿಂದ ಏನು ಪ್ರಯೋಜನವೆಂಬುದನ್ನು ಒಟ್ಟಾಗಿ ಬಿಡಿಸಿ ಹೇಳಿದವನು ಸ್ಪಾಂಡೌ ಎಂಬ ಊರಿನ ಶಾಲೆಯ ಮುಖ್ಯೋಪಾಧ್ಯಾಯನಾಗಿದ್ದ ಕ್ರಿಶ್ಚಿಯನ್ ಕಾನ್ರಾಡ್ ಸ್ಪ್ರೆಂಗೆಲ್. 1787ರಲ್ಲಿ ಕಾಡು ಜಿರೇನಿಯಂ ಹೂವಿನ ಎಸಳುಗಳ ಬುಡದಲ್ಲಿ ಮೃದುವಾದ ರೋಮಗಳಿರುವುದನ್ನು ಅವನು ಕಂಡ. ಒಂದು ರೋಮವನ್ನೂ ಸೃಷ್ಟಿಕರ್ತ ವೃಥಾ ಇಟ್ಟಿರಲಾರ ಎಂಬ ನಂಬಿಕೆಯಿಂದ ಹುಡುಕುತ್ತ ಹೋಗಿ, ಮಳೆಹನಿ ಮಕರಂದಕ್ಕೆ ಬೆರೆಯದಂತೆ ಅವು ಕಾಯುತ್ತವೆಂದು ತಿಳಿದ. ಕಾಯುವುದಾದರೆ ಯಾರಿಗಾಗಿ? ಕೀಟಗಳಿಗಾಗಿ. ಕೀಟಗಳಿಗೆ ಉಣಿಸುವುದೇಕೆ? ಪರಾಗವನ್ನು ಹೊತ್ತೊಯ್ಯಲಿ ಎಂದು. ಎಸಳಿನ ಮೇಲಿನ ಗೆರೆಗಳೂ ಚುಕ್ಕಿಗಳೂ ಮಕರಂದದ ದಾರಿಯನ್ನು ತೋರುವ ಕೈಮರಗಳೆಂದೂ ಅವನೇ ಹೇಳಿದ. 1793ರಲ್ಲಿ ಅವನ ಪುಸ್ತಕ ಹೊರಬಂತು. ಓದಿದವರು ಕಡಿಮೆ, ನಕ್ಕವರು ಹೆಚ್ಚು. ಹೂಗಳ ಹಿಂದೆ ತಿರುಗಿ ಶಾಲೆಯ ಕೆಲಸವನ್ನು ಅಲಕ್ಷಿಸಿದನೆಂಬ ದೂರು ಬೆಳೆದು ಕೆಲಸವೂ ಹೋಯಿತು. ಅವನು ಸತ್ತು ದಶಕಗಳು ಕಳೆದ ಮೇಲೆ ಚಾರ್ಲ್ಸ್ ಡಾರ್ವಿನ್ ಆ ಪುಸ್ತಕವನ್ನು ಓದಿ ಮೆಚ್ಚಿದುದರಿಂದ ಅದಕ್ಕೆ ಎರಡನೆಯ ಜನ್ಮ ಬಂತು.

ಉಣಿಸದೆ ಕೆಲಸ ಮಾಡಿಸಿಕೊಳ್ಳುವ ಹೂಗಳೂ ಉಂಟು. ಗುಡಿಯ ಅಂಗಳದ ದೇವಕಣಗಿಲೆ, ಪೂಜೆಗೆಂದು ಬೆಳೆಸುವ ಕಣಗಿಲೆ ಇವೆರಡೂ ಕಂಪನ್ನು ಬೀರುತ್ತವೆ, ಬಣ್ಣವನ್ನು ತೋರುತ್ತವೆ. ಒಳಗೆ ಹನಿ ಮಕರಂದವಿಲ್ಲ. ಬಂದ ಪತಂಗ ಬರಿಹೊಟ್ಟೆಯಲ್ಲಿ ಮರಳುತ್ತದೆ. ಮನುಷ್ಯರಲ್ಲಿಯೂ ಇಂಥವರಿಲ್ಲವೆ ಎಂದು ನೀವು ಕೇಳಬಹುದು. ನಾನು ಹೂಗಳ ವಿಷಯವನ್ನಷ್ಟೇ ಹೇಳುತ್ತಿದ್ದೇನೆ.

ನೀರುಕಾಯಿ ಮರದ ಮೊಗ್ಗನ್ನು ಹಿಸುಕಿ ಗೆಳೆಯರ ಮುಖಕ್ಕೆ ನೀರು ಚಿಮ್ಮಿಸದೆ ಬಾಲ್ಯವನ್ನು ಕಳೆದವರು ಬೆಂಗಳೂರಿನಲ್ಲಿ ವಿರಳ. ಆ ನೀರು ಮಳೆಯದಲ್ಲ. ಮೊಗ್ಗಿನ ಹೊರಪಾತ್ರೆಯ ಒಳಮೈಯಲ್ಲಿರುವ ಗ್ರಂಥಿಗಳು ಸುರಿಸಿದ್ದು. ಎಳೆಯ ಎಸಳುಗಳು ಆ ನೀರಿನಲ್ಲಿ ಮುಳುಗಿಯೇ ಬೆಳೆಯುತ್ತವೆ. ಇದನ್ನು 1889ರಲ್ಲಿ ಜಾವಾದ್ವೀಪದ ತೋಟವೊಂದರಲ್ಲಿ ಟ್ರೋಯ್ಬ್ ಎಂಬ ಡಚ್ ವಿಜ್ಞಾನಿ ವಿವರಿಸಿದ. ನಮ್ಮ ಹುಡುಗರು ಅವನ ಹೆಸರನ್ನು ಕೇಳಿಲ್ಲ. ಗ್ರಂಥಿಯ ಉಪಯೋಗವನ್ನು ಮಾತ್ರ ಚೆನ್ನಾಗಿ ಅರಿತಿದ್ದಾರೆ.

ಇಷ್ಟೊಂದು ಉಪಾಯದಿಂದ ಕಟ್ಟಿದ ಅಡಿಗೆಮನೆಗೆ ನಮ್ಮ ನಗರದಲ್ಲಿ ಒದಗಿರುವ ಸ್ಥಿತಿ ಸಂತೋಷಕರವಾದುದಲ್ಲ. ಮುತ್ತಿನಂತೆ ಸುತ್ತುಸುತ್ತಾಗಿ ಎಸಳಿರುವ ದಾಸವಾಳವೇ ಈಗ ಸಸ್ಯಗಳ ಮಳಿಗೆಯಲ್ಲಿ ಹೆಚ್ಚು ಬಿಕರಿಯಾಗುತ್ತದೆ. ಕೇಸರಗಳೇ ಎಸಳಾಗಿ ಮಾರ್ಪಟ್ಟ ಹೂವು ಅದು. ನೋಟಕ್ಕೆ ಚೆಂದ, ಒಳಗೆ ಗ್ರಂಥಿ ಇದ್ದರೂ ಎಸಳಿನ ಆ ಅಡವಿಯನ್ನು ದಾಟಿ ಜೇನು ಅಲ್ಲಿಗೆ ತಲಪುವುದು ಕಷ್ಟ. ಇನ್ನು ಮುಂಜಾನೆ ಐದು ಗಂಟೆಗೆ ಕೈಯಲ್ಲಿ ಪ್ಲಾಸ್ಟಿಕ್ ಚೀಲವನ್ನೂ ಕೊಕ್ಕೆಯ ಕೋಲನ್ನೂ ಹಿಡಿದು ವಾಯುಸೇವನೆಗೆ ಹೊರಡುವ ಭಕ್ತರ ವಿಷಯ. ಅನ್ಯರ ಬೇಲಿಯ ಹೂವಿನಿಂದ ಪುಣ್ಯ ಬರುವುದೇ ಎಂಬುದನ್ನು ಶಾಸ್ತ್ರಜ್ಞರು ಹೇಳಲಿ. ದುಂಬಿ ಮುಟ್ಟಿದರೆ ಹೂವು ಎಂಜಲಾಗುತ್ತದೆಂದು ಅವರು ಸೂರ್ಯೋದಯಕ್ಕೆ ಮೊದಲೇ ಬರುತ್ತಾರೆ. ಒಂದನ್ನೂ ಬಿಡುವುದಿಲ್ಲ. ಎಂಟು ಗಂಟೆಗೆ ಸೂರಕ್ಕಿ ಬಂದು ಗಿಡವನ್ನೆಲ್ಲ ಸುತ್ತಿ, ಬೋಳು ಕೊಂಬೆಯ ಮೇಲೆ ಕ್ಷಣಕಾಲ ಕುಳಿತು ಹಾರಿಹೋಗುತ್ತದೆ.

ಇದಕ್ಕಿಂತ ಕೆಟ್ಟದ್ದು ಕಣ್ಣಿಗೆ ಕಾಣದು. ಗಿಡಕ್ಕೆ ಹೇನು ಹತ್ತಿದರೆ ಬುಡಕ್ಕೆ ಸುರಿಯುವ ಇಮಿಡಾಕ್ಲೋಪ್ರಿಡ್‌ನಂಥ ಔಷಧಗಳು ಬೇರಿನಿಂದ ಏರಿ ಮೈಯೆಲ್ಲ ಹರಡುತ್ತವೆ. ಹೇನು ಸಾಯುತ್ತದೆ, ನಿಜ. ಆದರೆ ಗಿಡದ ರಸದಲ್ಲಿ ಬೆರೆತದ್ದು ಮಕರಂದದಲ್ಲಿಯೂ ಪರಾಗದಲ್ಲಿಯೂ ಬರುತ್ತದೆ. ಎಷ್ಟು ಸುಂಕದ ಕಟ್ಟೆಗಳಿದ್ದರೇನು, ಈ ವಿಷವನ್ನು ತಡೆಯುವ ವಿದ್ಯೆ ಗಿಡಕ್ಕೆ ತಿಳಿಯದು. ಯೂರೋಪಿನ ಒಕ್ಕೂಟವು ಈ ಬಗೆಯ ಮೂರು ಔಷಧಗಳನ್ನು ಬಯಲಿನಲ್ಲಿ ಬಳಸಬಾರದೆಂದು 2018ರಲ್ಲಿ ನಿಷೇಧಿಸಿತು. ನಮ್ಮ ಬೀದಿಯ ಕೊನೆಯ ಅಂಗಡಿಯಲ್ಲಿ ಅದನ್ನು ಯಾರು ಬೇಕಾದರೂ ಕೊಳ್ಳಬಹುದು.

ಈ ಮಾತುಗಳನ್ನೆಲ್ಲ ನಾನು ಆರಾಮ ಕುರ್ಚಿಯಲ್ಲಿ ಕುಳಿತು ಹೇಳಿಕೊಂಡಿರಬಹುದಾಗಿತ್ತು. ಆದರೆ ಎದುರುಮನೆಯ ಹೆಜ್ಜೇನು ಹಾಗಾಗಗೊಡಲಿಲ್ಲ. ನಾಲ್ಕು ಅಂತಸ್ತಿನ ಆ ಕಟ್ಟಡದ ನೀರಿನ ತೊಟ್ಟಿಯ ಅಡಿಯಲ್ಲಿ ಮೊರದಗಲದ ಹುಟ್ಟು ಕಟ್ಟಿತ್ತು. ಬೀದಿಯ ಹೊಂಗೆಗಳು ಇನ್ನೇನು ಹೂವಾಗುವ ಕಾಲ. ಗಾಳಿಪಟದ ದಾರ ಹುಟ್ಟಿಗೆ ತಗುಲಿತೋ ಏನೋ, ಮಹಡಿಯಲ್ಲಿ ಆಡುತ್ತಿದ್ದ ಒಂಬತ್ತು ವರ್ಷದ ಹುಡುಗನನ್ನು ಜೇನುಗಳು ಹನ್ನೊಂದು ಕಡೆ ಕುಟುಕಿದವು. ಹುಡುಗ ಒಂದು ಹಗಲು ಒಂದು ರಾತ್ರಿ ಆಸ್ಪತ್ರೆಯಲ್ಲಿದ್ದು ಮುಖ ಊದಿಕೊಂಡು ಮನೆಗೆ ಬಂದ. ಮರುದಿನ ಸಂಜೆ ನಿವಾಸಿಗಳೆಲ್ಲ ಕಟ್ಟಡದ ನೆಲಮಾಳಿಗೆಯಲ್ಲಿ ಸಭೆ ಸೇರಿದರು. ಎದುರುಮನೆಯವನೆಂದು ನನ್ನನ್ನೂ ಕರೆದಿದ್ದರು. ರಾತ್ರಿ ಪಂಜು ಹಿಡಿದು ಹುಟ್ಟನ್ನು ಸುಟ್ಟುಬಿಡುವ ಆಳೊಬ್ಬನನ್ನು ಗೊತ್ತುಮಾಡಿಯೂ ಆಗಿತ್ತು.

ನಾನು ಎದ್ದು ನಿಂತು, ಹೆಜ್ಜೇನು ಒಂದೆಡೆ ನಿಲ್ಲುವ ಜಾತಿಯಲ್ಲ, ಹೂವಿನ ಸುಗ್ಗಿ ಮುಗಿದರೆ ತಾನಾಗಿ ಎದ್ದು ಹೋಗುತ್ತದೆ, ಅಲ್ಲಿಯವರೆಗೆ ಮಹಡಿಗೆ ಬೀಗ ಹಾಕಿ ರಾತ್ರಿ ದೀಪ ಹಚ್ಚದಿದ್ದರೆ ಸಾಕು ಎಂದೆ. ಹೊಂಗೆಯ ಹೂವು, ಅದರ ಮಕರಂದ, ಸುತ್ತಲಿನ ತೋಟಗಳ ಹುಣಿಸೆ ನೇರಿಳೆಗಳು ಎಲ್ಲವನ್ನೂ ಹೇಳಿದೆನೆಂದು ಕಾಣುತ್ತದೆ. ಹುಡುಗನ ತಾಯಿ ಸುಮ್ಮನೆ ಕೇಳಿಸಿಕೊಂಡು, “ಮೇಷ್ಟ್ರೇ, ನಿಮ್ಮ ಮೊಮ್ಮಗನಿಗೆ ಕಚ್ಚಿದ್ದರೆ ಹೀಗೇ ಪಾಠ ಹೇಳುತ್ತಿದ್ದಿರಾ?” ಎಂದರು. ಆ ಪ್ರಶ್ನೆಯಲ್ಲಿ ಅನ್ಯಾಯವೇನೂ ಇರಲಿಲ್ಲ. ಹೆಜ್ಜೇನಿನ ದಾಳಿಗೆ ಸಿಕ್ಕಿ ಸತ್ತವರಿದ್ದಾರೆ. “ಗೊತ್ತಿಲ್ಲ ತಾಯಿ” ಎಂದೆ. ಬಹಳ ಹೊತ್ತು ವಾದ ನಡೆಯಿತು. ಕೊನೆಗೆ, ನಡುರಾತ್ರಿ ಬೆಂಕಿಯನ್ನು ಕಂಡು ಕೆರಳಿದ ಜೇನು ಬೆಳಕಿರುವ ಕಿಟಕಿಗಳಿಗೆಲ್ಲ ನುಗ್ಗಿದರೆ ಗತಿಯೇನೆಂಬ ಭಯವೇ ನನ್ನ ಎಲ್ಲ ವಿಜ್ಞಾನಕ್ಕಿಂತ ಹೆಚ್ಚು ಕೆಲಸ ಮಾಡಿತು. ಬೀಗ ಬಿತ್ತು. ಬೀಗದ ಕೈ ಕಾವಲುಗಾರನ ಸೊಂಟಕ್ಕೆ ಸೇರಿತು. ಇನ್ನೊಬ್ಬರಿಗೆ ಕಚ್ಚಿದರೆ ಮಾತ್ರ ಅದೇ ರಾತ್ರಿ ಸುಡುವುದೆಂದು ತೀರ್ಮಾನವಾಯಿತು.

ಹೊಂಗೆ ಹೂವಾಯಿತು. ಬೀದಿಯುದ್ದಕ್ಕೂ ಅರಳು ಚೆಲ್ಲಿದಂತೆ ಉದುರಿತು, ಗುಡಿಸುವವರು ಬೈದುಕೊಂಡರು. ಬೆಳಗಿನಿಂದ ಸಂಜೆಯವರೆಗೆ ಮರಗಳೆಲ್ಲ ತಂಬೂರಿಯಂತೆ ಮೊರೆಯುತ್ತಿದ್ದವು. ಹೂವಿನಲ್ಲಿ ಮಕರಂದವು ನೀರಾಗಿಯೇ ಇರುತ್ತದೆ. ನೂರರಲ್ಲಿ ಇಪ್ಪತ್ತು ಮೂವತ್ತು ಭಾಗ ಸಕ್ಕರೆ, ಕೆಲವು ಹೂಗಳಲ್ಲಿ ಅದಕ್ಕೂ ಹೆಚ್ಚು. ಜೇನುನೊಣ ಅದನ್ನು ಹೊಟ್ಟೆಯ ಚೀಲದಲ್ಲಿ ತಂದು, ಕಿಣ್ವವನ್ನು ಬೆರಸಿ, ರೆಕ್ಕೆ ಬೀಸಿ ಆರಿಸಿ, ನೀರಿನ ಅಂಶ ನೂರಕ್ಕೆ ಇಪ್ಪತ್ತರಷ್ಟಕ್ಕೆ ಇಳಿಯುವವರೆಗೆ ಬಿಡುವುದಿಲ್ಲ. ಆ ತೊಟ್ಟಿಯ ಕೆಳಗೆ ರಾತ್ರಿಯೆಲ್ಲ ನಡೆಯುತ್ತಿದ್ದುದು ಇದೇ ಕೆಲಸ. ನಾನು ದಿನವೂ ಮಲಗುವ ಮೊದಲು ಅತ್ತ ನೋಡುತ್ತಿದ್ದೆ. ಆ ತಾಯಿಯೂ ತಮ್ಮ ಕಿಟಕಿಯಿಂದ ನೋಡುತ್ತಿದ್ದರು. ಇಬ್ಬರ ಭಯವೂ ಬೇರೆ ಬೇರೆ. ಮೇ ತಿಂಗಳ ಕೊನೆಯಲ್ಲಿ, ಮೊದಲ ಮಳೆಗಳು ಬಿದ್ದ ಮೇಲೆ, ಒಂದು ಬೆಳಗ್ಗೆ ಹುಟ್ಟು ಬರಿದಾಗಿತ್ತು. ಒಣಗಿದ ಎರಿ ಮಾತ್ರ ತೂಗುತ್ತಿತ್ತು. ಯಾರಿಗೂ ಮತ್ತೆ ಕಚ್ಚಿರಲಿಲ್ಲ.

ಬೀಗ ತೆಗೆದ ದಿನವೇ ಹುಡುಗ ನಮ್ಮ ಮನೆಗೆ ಬಂದ. ತಾಯಿ ಗೇಟಿನವರೆಗೆ ಬಂದು ನಿಂತರು. ಒಳಗೆ ಬರಲಿಲ್ಲ, ಬೇಡವೆಂದೂ ಹೇಳಲಿಲ್ಲ. ಹುಡುಗನಿಗೆ ಇದ್ದದ್ದು ಒಂದೇ ಸಂದೇಹ.

“ತಾತ, ಜೇನು ಹೊರಟುಹೋಯಿತಲ್ಲ, ಈಗ ಹೂವಿನ ಸಿಹಿಯನ್ನೆಲ್ಲ ಯಾರು ಕುಡಿಯುತ್ತಾರೆ?”

ಒಳ್ಳೆಯ ಪ್ರಶ್ನೆ. ಕೆಲವು ಗಿಡಗಳು ಮಿಕ್ಕ ಮಕರಂದವನ್ನು ತಾವೇ ಮರಳಿ ಹೀರಿಕೊಳ್ಳುತ್ತವೆ; ಗ್ರಂಥಿ ಕೊಡುವುದನ್ನೂ ಬಲ್ಲದು, ಹಿಂದಕ್ಕೆ ಪಡೆಯುವುದನ್ನೂ ಬಲ್ಲದು. ಕೋಲುಜೇನಿದೆ, ಮುಜಂಟಿಯಿದೆ, ಚಿಟ್ಟೆಯಿದೆ, ಹೂವಿನ ಬುಡಕ್ಕೆ ಹೊರಗಿನಿಂದಲೇ ಕೊಕ್ಕು ಚುಚ್ಚಿ ಕದ್ದು ಕುಡಿಯುವ ಸೂರಕ್ಕಿಯಿದೆ. ಇಷ್ಟನ್ನು ಹೇಳಿ, ಬೆಳಗ್ಗೆ ಅರಳಿ ಆಗಲೇ ಮುದುಡತೊಡಗಿದ್ದ ದಾಸವಾಳವೊಂದನ್ನು ಕಿತ್ತು, ಹಸುರು ಬಟ್ಟಲನ್ನು ಸೀಳಿ, ಭೂತಗನ್ನಡಿಯೊಂದಿಗೆ ಅವನ ಕೈಗೆ ಕೊಟ್ಟೆ. ಅವನು ಒಂದು ಕಣ್ಣನ್ನು ಮುಚ್ಚಿಕೊಂಡು ಬಹಳ ಹೊತ್ತು ನೋಡಿದ. ಆ ಮಖಮಲ್ಲಿನ ಪಟ್ಟಿಯ ಸುತ್ತ ಏಳೆಂಟು ಇರುವೆಗಳು ತಲೆ ತಗ್ಗಿಸಿ, ನಮ್ಮ ಇರವನ್ನೇ ಅರಿಯದೆ, ಪಂಕ್ತಿಗೆ ಕುಳಿತಿದ್ದವು.